ಹಿತ್ತಲ ಮಾತು: ಈ ಸಲ ಪೂರ್ತಿ ರಾಸ್ಬೆರಿ, ಬ್ಲ್ಯಾಕ್‌ಬೆರಿ

ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ರಾಸ್ಬೆರಿ, ಬ್ಲ್ಯಾಕ್‌ಬೆರಿ ಬಗ್ಗೆಯೇ ಇವೆ. ನಾನಿರುವುದು ಆರೆಗಾನ್‌ನ ಬೀವರ್ಟನ್‌ನಲ್ಲಿ. ಈ ಹಣ್ಣುಗಳಿಗೆ ಇದಕ್ಕಿಂತ ಒಳ್ಳೆ ಸೀಮೆ ಸಿಗುವುದು ಕಷ್ಟ. ಆದರೆ ಪತ್ರಗಳು ನ್ಯೂಜೆರ್ಸಿ, ಡಲ್ಲಾಸ್, ಬೆಂಗಳೂರು, ಮಡಿಕೇರಿಯಿಂದಲೂ ಬಂದಿವೆ. ಇಲ್ಲಿ ನಡೆಯುವುದು ಅಲ್ಲಿ ನಡೆಯಲ್ಲ. ಅದಕ್ಕೇ ಊರು ನೋಡಿಕೊಂಡು ಉತ್ತರ ಬರೆದಿದ್ದೇನೆ.

ಅಕ್ಕ, ಮೂರು ವರ್ಷದ ಹಿಂದೆ ರಾಸ್ಬೆರಿ ನೆಟ್ಟೆ. ಗಿಡ ಸೊಂಪಾಗಿ ಬರುತ್ತೆ. ಪ್ರತಿ ವರ್ಷ ನವೆಂಬರ್‌ನಲ್ಲಿ ಬುಡದವರೆಗೆ ಕತ್ತರಿಸಿ ಚೊಕ್ಕ ಮಾಡುತ್ತೇನೆ. ಇಲ್ಲಿಯವರೆಗೆ ಒಂದು ಹಣ್ಣೂ ಬಿಟ್ಟಿಲ್ಲ. ಗೊಬ್ಬರ ಸಾಲುತ್ತಿಲ್ಲವಾ? — ಎಡಿಸನ್, ನ್ಯೂಜೆರ್ಸಿ

ಗೊಬ್ಬರದ್ದೇನೂ ತಪ್ಪಿಲ್ಲ ತಮ್ಮಾ. ಮುಂದಿನ ವರ್ಷ ಹಣ್ಣು ಬಿಡಬೇಕಾದ ಕಡ್ಡಿಯನ್ನೇ ನೀನು ಪ್ರತಿ ಸಲ ಕಡಿದು ಎಸೆಯುತ್ತಿದ್ದೀಯ.

ಊರಲ್ಲಿ ಬಾಳೆ ನೋಡಿರುತ್ತೀಯಲ್ಲ, ಲೆಕ್ಕ ಹಾಗೇ. ಬುಡ ವರ್ಷಗಟ್ಟಲೆ ಇರುತ್ತೆ. ಗೊನೆ ಕೊಟ್ಟ ಗಿಡಕ್ಕೆ ಅಲ್ಲಿಗೆ ಆಯಸ್ಸು ಮುಗೀತು, ಪಕ್ಕದಲ್ಲಿ ಕಂದು ಬರುತ್ತೆ. ರಾಸ್ಬೆರಿ, ಬ್ಲ್ಯಾಕ್‌ಬೆರಿ ಎರಡರದ್ದೂ ಇದೇ ನಡೆ. ಬೇರು ಹತ್ತು ವರ್ಷ ಬಾಳುತ್ತೆ, ಒಂದೊಂದು ಕಡ್ಡಿಯ ಆಯಸ್ಸು ಮಾತ್ರ ಎರಡೇ ವರ್ಷ. ಮೊದಲ ವರ್ಷ ಸುಮ್ನೆ ಉದ್ದ ಬೆಳೆಯುತ್ತೆ. ಚಳಿಗಾಲ ಕಳೆದ ಮೇಲೆ ಎರಡನೇ ವರ್ಷ ಪಕ್ಕದ ರೆಂಬೆ ಒಡೆದು, ಹೂವಾಗಿ, ಹಣ್ಣು ಕೊಟ್ಟು ಒಣಗುತ್ತೆ.

ಹಾಗಾಗಿ ಈ ನವೆಂಬರ್‌ನಲ್ಲಿ ಕತ್ತರಿ ಮುಟ್ಟಬೇಡ. ಬರುವ ಜುಲೈಯಲ್ಲಿ ಹಣ್ಣು ಕಿತ್ತು ಮುಗಿಸಿದ ಮೇಲೆ ಗಿಡದ ಹತ್ತಿರ ಕೂತು ನೋಡು. ಕೆಲವು ಕಡ್ಡಿ ಕಂದು ಬಣ್ಣಕ್ಕೆ ತಿರುಗಿ, ಸಿಪ್ಪೆ ಸುಲಿದುಕೊಂಡು, ಹಣ್ಣಿನ ತೊಟ್ಟುಗಳನ್ನು ಹಾಗೇ ಹಿಡಿದುಕೊಂಡು ನಿಂತಿರುತ್ತವೆ. ಅವುಗಳ ಪಕ್ಕದಲ್ಲೇ ಹಸಿರಾಗಿ, ರೆಂಬೆ ಇಲ್ಲದೆ ನೆಟ್ಟಗೆ ಎದ್ದಿರುವುದು ಈ ವರ್ಷದ ಕಡ್ಡಿ. ಕಂದು ಬಣ್ಣದ್ದನ್ನು ಬುಡಕ್ಕೆ ಕಡಿ, ಹಸಿರನ್ನು ಉಳಿಸು. ಗೊತ್ತಾಗದಿದ್ದರೆ ಹಣ್ಣು ಕೀಳುವಾಗಲೇ ಒಂದು ದಾರ ಕಟ್ಟಿಬಿಡು. ಫೆಬ್ರವರಿ ಕೊನೆಯಲ್ಲಿ ಸಾಲಿನ ಒಂದು ಅಡಿಗೆ ಮೂರು ನಾಲ್ಕು ಗಟ್ಟಿ ಕಡ್ಡಿ ಉಳಿಸಿಕೊಂಡು ಸಣಕಲು ಕಡ್ಡಿಗಳನ್ನೆಲ್ಲ ತೆಗೆ. ಕಡಿಯುವುದಕ್ಕೆ ಜೀವ ಒಪ್ಪಲ್ಲ, ನಿಜ. ಆದರೆ ಗಿಡ ದಟ್ಟವಾದರೆ ಒಳಗೆ ಗಾಳಿ ಆಡಲ್ಲ, ಹಣ್ಣಿಗೆ ಬೂಷ್ಟು ಬರುತ್ತೆ.

ಇನ್ನೊಂದು ಜಾತಿ ಇದೆ. ಮೊದಲ ವರ್ಷದ ಕಡ್ಡಿಯ ತುದಿಯಲ್ಲೇ ಆಗಸ್ಟ್ ಕೊನೆಯಿಂದ ಹಿಮ ಬೀಳುವವರೆಗೆ ಹಣ್ಣು ಬಿಡುವಂಥದ್ದು. ನ್ಯೂಯಾರ್ಕ್ ರಾಜ್ಯದ ಜಿನೀವಾದಲ್ಲಿರುವ ಕಾರ್ನೆಲ್ ವಿಶ್ವವಿದ್ಯಾಲಯದ ಕೃಷಿ ಸಂಶೋಧನಾ ಕೇಂದ್ರ 1969ರಲ್ಲಿ ಬಿಡುಗಡೆ ಮಾಡಿದ 'ಹೆರಿಟೇಜ್' ಅಂಥದ್ದು. ಅದನ್ನಾದರೆ ಚಳಿಗಾಲದ ಕೊನೆಗೆ, ಶಿವರಾತ್ರಿ ಹೊತ್ತಿಗೆ, ಪೂರ್ತಿ ನೆಲಕ್ಕೆ ಕತ್ತರಿಸಬಹುದು. ಹೊಸ ಚಿಗುರಲ್ಲೇ ಹಣ್ಣು. ನಿನ್ನದು ಆ ಜಾತಿಯಾಗಿದ್ದರೆ ಇಷ್ಟು ಹೊತ್ತಿಗೆ ಹಣ್ಣು ತಿಂದಿರುತ್ತಿದ್ದೆ. ಹಾಗಾಗಿ ನಿನ್ನದು ಬೇಸಿಗೆ ಜಾತಿಯೇ. ಕಡ್ಡಿ ಆರಿಸಿ ಸವರುವ ಕೆಲಸ ಬೇಡ, ಗಿಡವೂ ಬೇಕು ಅನ್ನುವವರಿಗೆ ಹೆರಿಟೇಜ್ ತರದ್ದನ್ನೇ ಹೇಳುತ್ತೇನೆ.

ಮೈಸೂರಿನಿಂದ ಮಗನ ಮನೆಗೆ ಬಂದಿದ್ದೇವೆ. ವಾಕಿಂಗ್ ಹೋಗುವ ದಾರಿಯ ಎರಡೂ ಕಡೆ ಬ್ಲ್ಯಾಕ್‌ಬೆರಿ ಮುಳ್ಳುಪೊದೆ ಬೆಳೆದು ನಿಂತಿದೆ. ಯಾರೂ ಕೀಳಲ್ಲ. ನಾವು ತಿನ್ನಬಹುದಾ? ಒಂದು ಕಡ್ಡಿ ತಂದು ಹಿತ್ತಲಲ್ಲಿ ನೆಡಬಹುದಾ? — ಬೆಲ್‌ವ್ಯೂ, ವಾಷಿಂಗ್ಟನ್

ತಿನ್ನಿ ಅಮ್ಮಾ, ಹೊಟ್ಟೆ ತುಂಬ ತಿನ್ನಿ. ಆದರೆ ದಯವಿಟ್ಟು ನೆಡಬೇಡಿ.

ನೀವು ನೋಡಿದ್ದು ಬಹುಪಾಲು ಹಿಮಾಲಯನ್ ಬ್ಲ್ಯಾಕ್‌ಬೆರಿ. ಲೂಥರ್ ಬರ್‌ಬ್ಯಾಂಕ್ ಎಂಬ ಕ್ಯಾಲಿಫೋರ್ನಿಯಾದ ಸಸಿ ಪಂಡಿತರು 1885ರಲ್ಲಿ ಇದನ್ನು ಇಲ್ಲಿಗೆ ತಂದರು. ಬೀಜ ಇಂಡಿಯಾದ್ದು ಅಂದುಕೊಂಡು ಆ ಹೆಸರಿಟ್ಟರು. ನಿಜವಾಗಿ ಇದರ ತವರು ಆರ್ಮೇನಿಯಾ ಕಡೆಯದು. ಈಗ ಆರೆಗಾನ್, ವಾಷಿಂಗ್ಟನ್ ಎರಡೂ ರಾಜ್ಯಗಳ ಕಳೆಪಟ್ಟಿಯಲ್ಲಿದೆ. ಬಳ್ಳಿಯ ತುದಿ ನೆಲ ಮುಟ್ಟಿದ ಕಡೆಯೆಲ್ಲ ಬೇರು ಬಿಡುತ್ತೆ. ಹಕ್ಕಿಗಳು ಬೀಜ ಹರಡುತ್ತವೆ. ಹೊಳೆ ದಂಡೆಗೆ ಬಂದರೆ ಅಲ್ಲಿನ ಮೂಲದ ಗಿಡಗಳೆಲ್ಲ ಅದರ ಅಡಿಗೆ ಸಿಕ್ಕಿ ಸಾಯುತ್ತವೆ. ನಮ್ಮೂರಲ್ಲಿ ಲಂಟಾನ ಏನು ಮಾಡಿದೆ ಅಂತ ನೋಡಿದವರಿಗೆ ಇದನ್ನು ಜಾಸ್ತಿ ವಿವರಿಸಬೇಕಿಲ್ಲ.

ಕೀಳಲು ಆಗಸ್ಟ್ ಸರಿಯಾದ ತಿಂಗಳು. ಉದ್ದ ತೋಳಿನ ಹಳೆ ಅಂಗಿ ಹಾಕಿಕೊಳ್ಳಿ, ಸೀರೆ ಬೇಡವೇ ಬೇಡ. ಎಲೆ ಸುಟ್ಟ ಹಾಗೆ ಕಂದಿದ್ದರೆ, ಅಥವಾ ಔಷಧಿ ಹೊಡೆದಿದೆ ಅಂತ ಬೋರ್ಡ್ ಇದ್ದರೆ ಆ ಪೊದೆಯನ್ನು ಬಿಟ್ಟುಬಿಡಿ. ಕಳೆನಾಶಕ ಹೊಡೆದಿರುತ್ತಾರೆ. ದೊಡ್ಡ ರಸ್ತೆಯ ಅಂಚಿನ ಧೂಳಿನ ಹಣ್ಣೂ ಬೇಡ.

ಹಿತ್ತಲಿಗೆ ನೆಡಲು ಮುಳ್ಳಿಲ್ಲದ ಜಾತಿಗಳೇ ಬೇಕಾದಷ್ಟಿವೆ. 'ಟ್ರಿಪಲ್ ಕ್ರೌನ್', 'ಚೆಸ್ಟರ್' ಎರಡೂ ಚೆನ್ನಾಗಿ ಬರುತ್ತವೆ. ರುಚಿಯಲ್ಲಿ ನನಗೆ ಎಲ್ಲಕ್ಕಿಂತ ಮೇಲು ನಮ್ಮ ಆರೆಗಾನ್‌ನ ಮ್ಯಾರಿಯನ್‌ಬೆರಿ. 1956ರಲ್ಲಿ ಇಲ್ಲೇ ಬಿಡುಗಡೆಯಾದ ತಳಿ ಅದು. ಹಣ್ಣು ಬಲು ಮೃದು, ದೂರದ ಅಂಗಡಿಗೆ ಸಾಗಿಸಲು ತಡೆಯಲ್ಲ. ತಾಜಾ ತಿನ್ನಬೇಕೆಂದರೆ ಇಲ್ಲಿಗೆ ಬರಬೇಕು, ಇಲ್ಲವೇ ಬೆಳೆಯಬೇಕು. ಅದಕ್ಕೆ ಮುಳ್ಳಿದೆ, ಮೊದಲೇ ಹೇಳಿರುತ್ತೇನೆ.

ರಾಸ್ಬೆರಿಯೊಳಗೆ ಸಣ್ಣ ಬಿಳಿ ಹುಳ ಸಿಕ್ಕಿತು. ನಾವು ಶುದ್ಧ ಸಸ್ಯಾಹಾರಿಗಳು. ಅತ್ತೆ ಈಗ ಆ ಹಣ್ಣನ್ನು ದೇವರ ಮುಂದೆ ಇಡಲೂ ಬಿಡುತ್ತಿಲ್ಲ. ಏನು ಮಾಡಲಿ? — ಹಿಲ್ಸ್‌ಬರೋ, ಆರೆಗಾನ್

ನಿಮ್ಮ ಅತ್ತೆಯವರ ಸಂಕಟ ನನಗೆ ಅರ್ಥವಾಗುತ್ತೆ. ಅದು ಒಂದು ಜಾತಿಯ ಹಣ್ಣುನೊಣದ ಮರಿ. ನೊಣದ ಹೆಸರು ಸ್ಪಾಟೆಡ್ ವಿಂಗ್ ಡ್ರೊಸೊಫಿಲಾ. ಪೂರ್ವ ಏಷ್ಯಾದಿಂದ ಬಂದದ್ದು. ಕ್ಯಾಲಿಫೋರ್ನಿಯಾದಲ್ಲಿ 2008ರಲ್ಲಿ ಕಾಣಿಸಿತು, ಮರುವರ್ಷ ನಮ್ಮಲ್ಲಿಗೂ ಬಂತು. ಬಾಳೆಹಣ್ಣಿನ ಮೇಲೆ ಸುತ್ತುವ ನೊಣ ಕೊಳೆತದ್ದನ್ನು ಹುಡುಕಿ ಬರುತ್ತೆ. ಇದು ಹಣ್ಣು ಬಣ್ಣ ತಿರುಗುವಾಗಲೇ ಗರಗಸದಂಥ ಮೊನೆಯಿಂದ ಸಿಪ್ಪೆ ಕೊಯ್ದು ಒಳಗೆ ಮೊಟ್ಟೆ ಇಡುತ್ತೆ.

ಔಷಧಿಗಿಂತ ಮೊದಲು ಕೀಳುವ ಕ್ರಮ ಬದಲಿಸಿ. ದಿನ ಬಿಟ್ಟು ದಿನ, ಸಾಧ್ಯವಾದರೆ ದಿನಾ, ಹಣ್ಣಾದದ್ದೆಲ್ಲ ಕೀಳಿ. ಕಿತ್ತ ತಕ್ಷಣ ಫ್ರಿಜ್‌ಗೆ ಇಡಿ, ತಣ್ಣಗಿದ್ದರೆ ಮೊಟ್ಟೆ ಮುಂದೆ ಬೆಳೆಯಲ್ಲ. ನೆಲಕ್ಕೆ ಬಿದ್ದದ್ದು, ಮೆತ್ತಗಾದದ್ದು ಯಾವುದನ್ನೂ ಬಿಡಬೇಡಿ. ಕಾಂಪೋಸ್ಟ್‌ಗೂ ಹಾಕಬೇಡಿ. ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಬಿಸಿಲಿಗಿಟ್ಟು ಆಮೇಲೆ ಕಸಕ್ಕೆ ಹಾಕಿ. ಬೇಸಿಗೆ ಮುಂದುವರಿದ ಹಾಗೆ ನೊಣ ಹೆಚ್ಚುತ್ತೆ. ಹಾಗಾಗಿ ಜೂನ್ ಕೊನೆ, ಜುಲೈ ಶುರುವಿನ ಹಣ್ಣು ಹೆಚ್ಚಾಗಿ ಚೊಕ್ಕವಾಗಿರುತ್ತೆ. ದೇವರಿಗೆ ಅದನ್ನೇ ಇಡಿ.

ಅತ್ತೆಯವರಿಗೆ ನಂಬಿಕೆ ಬರಬೇಕೆಂದರೆ ಒಂದು ಪರೀಕ್ಷೆ ಇದೆ. ಬಟ್ಟಲು ನೀರಿಗೆ ಚೆನ್ನಾಗಿ ಉಪ್ಪು ಕದಡಿ, ಒಂದು ಹಿಡಿ ಹಣ್ಣು ಮೆಲ್ಲಗೆ ಒತ್ತಿ ಹಾಕಿ. ಕಾಲು ಗಂಟೆ ಬಿಡಿ. ಮರಿ ಇದ್ದರೆ ಹೊರಗೆ ಬಂದು ನೀರಲ್ಲಿ ಕಾಣುತ್ತೆ. ಏನೂ ಬರದಿದ್ದರೆ ಆ ದಿನದ ಬುಟ್ಟಿಯನ್ನು ಧೈರ್ಯವಾಗಿ ಬಳಸಬಹುದು.

ರಾಸ್ಬೆರಿ ಜೂನ್‌ವರೆಗೆ ಚೆನ್ನಾಗಿತ್ತು, ಜುಲೈ ಬಿಸಿಲಿಗೆ ಸುಟ್ಟು ಹೋಯಿತು. ಎರಡನೇ ಸಲ ಹೀಗಾಗುತ್ತಿದೆ. — ಡಲ್ಲಾಸ್

ಮೂರನೇ ಸಲ ದುಡ್ಡು ಹಾಕಬೇಡಿ. ಕೆಂಪು ರಾಸ್ಬೆರಿಗೆ ಬೇಕಾದದ್ದು ತಂಪು ಬೇಸಿಗೆ. ಡಲ್ಲಾಸ್‌ನಲ್ಲಿ ಅದು ಸಿಗಲ್ಲ. ನಿಮ್ಮದು ಬ್ಲ್ಯಾಕ್‌ಬೆರಿ ಸೀಮೆ. ಅರ್ಕಾನ್ಸಾ ವಿಶ್ವವಿದ್ಯಾಲಯದ 'ವಾಶಿಟಾ', 'ನ್ಯಾಚೆಜ್' ಎರಡಕ್ಕೂ ಮುಳ್ಳಿಲ್ಲ, ಸೆಕೆ ತಡೆಯುತ್ತವೆ. ಮೇ ಕೊನೆಯಿಂದ ಜೂನ್‌ಗೆ ಹಣ್ಣು ಮುಗಿಯುತ್ತೆ, ಕೆಟ್ಟ ಬಿಸಿಲಿಗೆ ಮುಂಚೆಯೇ. ನಿಮ್ಮ ಕಡೆಯ ಕರಿಮಣ್ಣು ಸುಣ್ಣದ ಗುಣದ್ದು. ಎಲೆ ಹಳದಿಯಾಗಿ ನರ ಮಾತ್ರ ಹಸಿರು ಉಳಿದರೆ ಗಿಡಕ್ಕೆ ಕಬ್ಬಿಣ ಸಿಗುತ್ತಿಲ್ಲ ಅಂತ. ಒಂದಡಿ ಎತ್ತರದ ಮಡಿ ಕಟ್ಟಿ, ಕಾಂಪೋಸ್ಟ್ ಬೆರೆಸಿ ನೆಡಿ.

ಕಳೆದ ವರ್ಷ ಟೊಮೆಟೊ, ಬದನೆ, ಮೆಣಸಿನಕಾಯಿ ಬೆಳೆದ ಮಡಿ ಖಾಲಿ ಇದೆ. ಅಲ್ಲಿ ರಾಸ್ಬೆರಿ ಹಾಕಲಾ? — ನೇಪರ್‌ವಿಲ್, ಇಲಿನಾಯ್

ಬೇಡ. ಟೊಮೆಟೊ, ಬದನೆ, ಮೆಣಸಿನಕಾಯಿ, ಆಲೂಗಡ್ಡೆ ಬೆಳೆದ ಮಣ್ಣಲ್ಲಿ ವರ್ಟಿಸಿಲಿಯಂ ಎಂಬ ಶಿಲೀಂಧ್ರ ಉಳಿದಿರಬಹುದು. ರಾಸ್ಬೆರಿಯ ಬೇರಿನಿಂದ ಒಳಗೆ ಸೇರಿ ಗಿಡ ಬಾಡಿಸುತ್ತೆ. ಮೂರು ನಾಲ್ಕು ವರ್ಷ ಬೇರೆ ಬೆಳೆ ತೆಗೆಯಿರಿ. ಆ ಮಡಿಯಲ್ಲಿ ಮೆಂತ್ಯ, ಹುರುಳಿಕಾಯಿ ಹಾಕಿ. ರಾಸ್ಬೆರಿಗೆ ನೀರು ನಿಲ್ಲದ, ಬಿಸಿಲು ಬೀಳುವ ಬೇರೆ ಮೂಲೆ ಹುಡುಕಿ.

ಬೆಂಗಳೂರಿನ ನಮ್ಮ ಟೆರೇಸ್‌ಗೆ ಆನ್‌ಲೈನ್‌ನಲ್ಲಿ ರಾಸ್ಬೆರಿ ಗಿಡ ತರಿಸಬೇಕೆಂದಿದ್ದೇನೆ. ಬರುತ್ತಾ? — ಜಯನಗರ

ಗಿಡ ಬರುತ್ತೆ, ಹಣ್ಣು ಬರಲ್ಲ. ಚಳಿದೇಶದ ಕೆಂಪು ರಾಸ್ಬೆರಿ ಮೊಗ್ಗು ಒಡೆಯಬೇಕಾದರೆ 7 ಡಿಗ್ರಿಗಿಂತ ಕಡಿಮೆ ಚಳಿಯಲ್ಲಿ ನೂರಾರು ಗಂಟೆ ಮಲಗಿರಬೇಕು. ಬೆಂಗಳೂರಿನಲ್ಲಿ ಜನವರಿ ರಾತ್ರಿಯೂ ಸಾಮಾನ್ಯವಾಗಿ 15 ಡಿಗ್ರಿ ಆಸುಪಾಸು. ನಗರದ ದಾಖಲೆಯಲ್ಲಿರುವ ಅತಿ ಕಡಿಮೆ ತಾಪವೇ 7.8 ಡಿಗ್ರಿ, ಅದೂ 1884ರಲ್ಲಿ.

ಟೆರೇಸ್‌ಗೆ ಹಿಪ್ಪುನೇರಳೆ ಹಾಕಿ ನೋಡಿ. ದೊಡ್ಡ ಕುಂಡ, ದಿನವಿಡೀ ಬಿಸಿಲು ಇದ್ದರೆ ಸಾಕು. ಸವರಿದಷ್ಟೂ ಹೊಸ ಚಿಗುರು, ಚಿಗುರಿನ ಜೊತೆಗೇ ಹಣ್ಣು. ಮಕ್ಕಳಿರುವ ಮನೆಗೆ ಇದಕ್ಕಿಂತ ಒಳ್ಳೆ ಗಿಡ ನನಗಂತೂ ಗೊತ್ತಿಲ್ಲ.

ಕ್ಯಾಲಿಫೋರ್ನಿಯಾದಲ್ಲಿರುವ ಮಗಳು ಡಿಸೆಂಬರ್‌ನಲ್ಲಿ ಬರುತ್ತಾಳೆ. ಸೂಟ್‌ಕೇಸ್‌ನಲ್ಲಿ ನಾಲ್ಕು ಬ್ಲ್ಯಾಕ್‌ಬೆರಿ ಕಡ್ಡಿ ತರಲು ಹೇಳಲಾ? ನಮ್ಮಲ್ಲಿ ಚಳಿ ಇದೆಯಲ್ಲ. — ಮಡಿಕೇರಿ

ಬೇಡ ಸರ್. ಗಿಡ, ಕಡ್ಡಿ, ಬೀಜ ಯಾವುದೇ ಇರಲಿ, ಭಾರತಕ್ಕೆ ತರಲು 2003ರ ಸಸ್ಯ ಕ್ವಾರಂಟೈನ್ ಆದೇಶದ ಪ್ರಕಾರ ಪರವಾನಗಿ ಮತ್ತು ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ಸುಮ್ನೆ ಕಾಗದದ ಮಾತಲ್ಲ ಇದು. ಈ ಕಡ್ಡಿಗಳಲ್ಲಿ ಕಣ್ಣಿಗೆ ಕಾಣದ ವೈರಸ್ ಇರಬಹುದು. ಕಾಡಿನ ಅಂಚಲ್ಲಿರುವ ನಿಮ್ಮಂಥ ತೋಟದಲ್ಲಿ ಅದು ಕಾಡಿನ ಗಿಡಗಳಿಗೂ ದಾಟಬಹುದು.

ಅದಕ್ಕಿಂತ, ನಿಮ್ಮ ಸುತ್ತಲೇ ರಾಸ್ಬೆರಿ ಇದೆಯಲ್ಲ! ನಾನು ಮೂಡಿಗೆರೆ ಕಡೆಯವಳು. ಘಟ್ಟದ ಎತ್ತರದ ಜಾಗಗಳಲ್ಲಿ ದಾರಿ ಬದಿ ಬೆಳೆಯುವ ಗಿಡ ಇದು. ಕೊಕ್ಕೆ ಮುಳ್ಳು, ಕಡ್ಡಿ ಮೇಲೆ ಒರೆಸಿದರೆ ಹೋಗುವ ಬಿಳಿ ಪುಡಿಯಂಥ ಪದರ, ಎಲೆಯ ಅಡಿ ಬಿಳುಪು. ಹಣ್ಣು ಮೊದಲು ಕೆಂಪು, ಮಾಗಿದಾಗ ಕಪ್ಪು. ಪರದೇಶದ ತೋಟದ ಪುಸ್ತಕಗಳಲ್ಲಿ ಇದಕ್ಕೆ 'ಮೈಸೂರು ರಾಸ್ಬೆರಿ' ಅಂತಲೇ ಹೆಸರು. ಚಳಿಯ ಲೆಕ್ಕ ಇದಕ್ಕಿಲ್ಲ. ಹಾಗಾಗಿಯೇ ದಕ್ಷಿಣ ಫ್ಲಾರಿಡಾದ ಹಿತ್ತಲುಗಳಲ್ಲೂ ಬೆಳೆಸುತ್ತಾರೆ. ಹವಾಯಿ, ಗಲಾಪಗೋಸ್ ದ್ವೀಪಗಳಲ್ಲಿ ಇದೇ ಗಿಡ ದೊಡ್ಡ ಕಳೆಯಾಗಿ ಕೂತಿದೆ. ನಿಮ್ಮಲ್ಲಿ ಅದು ಮನೆಯ ಗಿಡ.

ಮಳೆಗಾಲದಲ್ಲಿ ಒಂದು ಉದ್ದ ಕಡ್ಡಿಯನ್ನು ಬಾಗಿಸಿ ತುದಿಯನ್ನು ಮಣ್ಣಲ್ಲಿ ಹೂತು ಕಲ್ಲು ಇಡಿ. ಬೇರು ಬಂದ ಮೇಲೆ ಕತ್ತರಿಸಿ ತಂದು ನೆಡಿ. ಎರಡು ಕಂಬ, ಎರಡು ತಂತಿ ಕಟ್ಟಿ, ತುದಿ ನೆಲ ಮುಟ್ಟದ ಹಾಗೆ ನೋಡಿಕೊಳ್ಳಿ. ಸವರುವ ಕ್ರಮ ಮೇಲೆ ಎಡಿಸನ್‌ನವರಿಗೆ ಹೇಳಿದ್ದೇ, ಹಣ್ಣು ಬಿಟ್ಟ ಕಡ್ಡಿ ಬುಡಕ್ಕೆ. ಜನ ಇದನ್ನು ಆರಿಸಿ ಬೆಳೆಸಿದರೆ ಒಳ್ಳೆಯ ಹಣ್ಣಿನ ಗಿಡಗಳು ಉಳಿದುಕೊಳ್ಳುತ್ತವೆ ಅಂತ ನನಗೆ ತುಂಬ ಆಸೆ.

ಬ್ಲ್ಯಾಕ್‌ಬೆರಿ ಕಪ್ಪಾದ ಮೇಲೇ ಕೀಳುತ್ತೇನೆ, ಆದರೂ ಹುಳಿ. ಜಾತಿಯೇ ಹುಳಿನಾ? — ಸ್ಯಾಕ್ರಮೆಂಟೊ

ನಾಲ್ಕು ದಿನ ಮುಂಚೆ ಕೀಳುತ್ತಿದ್ದೀರಿ ಅಷ್ಟೇ. ಕಪ್ಪಾಗಿ ಮಿರಮಿರ ಹೊಳೆಯುವ ಹಣ್ಣು ಇನ್ನೂ ಮಾಗಿಲ್ಲ. ಹೊಳಪು ಮಾಸಿ, ಮುಟ್ಟಿದರೆ ಸ್ವಲ್ಪ ಉಬ್ಬಿದ ಹಾಗೆ ಮೆತ್ತಗಿದ್ದು, ಎಳೆಯದೇ ಕೈಗೆ ಬಂದರೆ ಆಗ ಸಿಹಿ. ಕಿತ್ತ ಮೇಲೆ ಇಟ್ಟರೆ ಇದು ಮಾವಿನಂತೆ ಹಣ್ಣಾಗಲ್ಲ. ಈಗಾಗಲೇ ಕಿತ್ತಿರುವ ಹುಳಿ ಹಣ್ಣಿದ್ದರೆ ಬೇಯಿಸಿ, ಜರಡಿಯಲ್ಲಿ ಬೀಜ ಸೋಸಿ, ಬೆಲ್ಲ, ಉಪ್ಪು, ಸಾರಿನ ಪುಡಿ ಹಾಕಿ ಗೊಜ್ಜು ಕುದಿಸಿ. ಇಂಗು, ಸಾಸಿವೆ ಒಗ್ಗರಣೆ ಕೊಡಿ. ದೋಸೆಗೆ ಚೆನ್ನಾಗಿರುತ್ತೆ.