ಕಾನೂನು ಪ್ರಶ್ನೋತ್ತರ: ಅವಧಿ ಮುಗಿದ ದೂರಿಗೆ ಮತ್ತೆ ಜೀವ ಬರುತ್ತದೆಯೇ?

ಲೈಂಗಿಕ ದೌರ್ಜನ್ಯದ ದಾವೆಗಳಿಗಿರುವ ಕಾಲಮಿತಿಯನ್ನು ಸಡಿಲಿಸುವ ಬಗ್ಗೆ ಅಮೆರಿಕದ ರಾಜ್ಯಗಳ ಶಾಸನಸಭೆಗಳಲ್ಲಿ ನಡೆದಿರುವ ಚರ್ಚೆಯನ್ನು ಓದಿ ಹಲವರು ಪತ್ರ ಬರೆದಿದ್ದಾರೆ. ಬರೆದವರ ಹೆಸರು ಬಿಟ್ಟು ಊರನ್ನು ಮಾತ್ರ ಹಾಕಿದ್ದೇವೆ.

ಮಗುವಿನ ಮೇಲೆ ನಡೆದ ದೌರ್ಜನ್ಯಕ್ಕೆ ಕಾಲಮಿತಿ ಯಾಕಾದರೂ ಬೇಕು? ಅದನ್ನು ತೆಗೆಯಲು ನ್ಯೂಯಾರ್ಕ್‌ನಂಥ ರಾಜ್ಯಕ್ಕೇ ಅಷ್ಟು ವರ್ಷ ಹಿಡಿದದ್ದೇಕೆ? (ಮೈಸೂರು)

ಇಲ್ಲಿ ಎರಡು ಲೆಕ್ಕಗಳಿವೆ. ಅಪರಾಧಿಯನ್ನು ಜೈಲಿಗೆ ಕಳಿಸುವ ಕ್ರಿಮಿನಲ್ ಮೊಕದ್ದಮೆಗೆ ಒಂದು ಅವಧಿ. ಅಪರಾಧಿಯಿಂದ, ಅವನನ್ನು ಕೆಲಸಕ್ಕೆ ಇಟ್ಟುಕೊಂಡಿದ್ದ ಶಾಲೆ, ಚರ್ಚ್ ಅಥವಾ ಕ್ರೀಡಾ ಸಂಸ್ಥೆಯಿಂದ ಪರಿಹಾರ ಕೇಳುವ ಸಿವಿಲ್ ದಾವೆಗೆ ಇನ್ನೊಂದು. ಶಾಸನಸಭೆಗಳಲ್ಲಿ ಜೋರು ಜಗಳ ಎದ್ದಿರುವುದು ಎರಡನೆಯದಕ್ಕೆ, ಯಾಕೆಂದರೆ ಹಣ ಕಟ್ಟಬೇಕಾಗಿ ಬರುವುದು ಅಲ್ಲಿ.

ಕಾಲಮಿತಿಯ ಪರ ಹೇಳುವ ಕಾರಣಗಳು ಹಳೆಯವು: ಸಾಕ್ಷಿಗಳು ಸಾಯುತ್ತಾರೆ, ಕಡತ ಕಳೆಯುತ್ತದೆ, ನೆನಪು ಮಸುಕಾಗುತ್ತದೆ, 40 ವರ್ಷದ ಹಿಂದಿನ ಆರೋಪಕ್ಕೆ ಉತ್ತರ ಕೊಡುವುದು ಪ್ರತಿವಾದಿಗೆ ಕಷ್ಟ. ಸಾಲದ ಪತ್ರಕ್ಕೆ, ಜಮೀನಿನ ತಕರಾರಿಗೆ ಇದು ಸರಿ. ಎಂಟು ವರ್ಷದ ಮಗುವಿಗೆ ಈ ನಿಯಮ ಹೊಂದುವುದಿಲ್ಲ. ಆ ಮಗು ಬಾಯಿ ಬಿಡುವುದು ಎಷ್ಟೋ ಸಲ ನಡುವಯಸ್ಸಿನಲ್ಲಿ. ನ್ಯೂಯಾರ್ಕ್‌ನ ಹಳೆಯ ಕಾನೂನಿನಲ್ಲಾದರೋ 23 ತುಂಬಿದ ಮೇಲೆ ದೌರ್ಜನ್ಯ ಎಸಗಿದವನ ವಿರುದ್ಧವೂ ದಾವೆ ಇರಲಿಲ್ಲ. ಸಂಸ್ಥೆಯ ವಿರುದ್ಧದ ಗಡುವು ಅದಕ್ಕಿಂತ ಮೊದಲೇ ಮುಗಿಯುತ್ತಿತ್ತು.

ಇದನ್ನು ಬದಲಿಸುವ ಮಸೂದೆ 2006ರಿಂದ ಅಲ್ಲಿನ ಕೆಳಮನೆಯಲ್ಲಿ ಮತ್ತೆ ಮತ್ತೆ ಪಾಸಾಗಿ, ರಿಪಬ್ಲಿಕನ್ನರ ಹಿಡಿತದಲ್ಲಿದ್ದ ಮೇಲ್ಮನೆಯಲ್ಲಿ ಮತಕ್ಕೇ ಬರದೆ ಸಾಯುತ್ತಿತ್ತು. ಕ್ಯಾಥೊಲಿಕ್ ಬಿಷಪ್‌ಗಳ ಸಂಘ, ಸಂಪ್ರದಾಯಸ್ಥ ಯಹೂದಿ ಸಂಘಟನೆ, ವಿಮಾ ಕಂಪನಿಗಳು ವಿರೋಧಿಸಿದ್ದವು. ಹೊಸ ಕಾನೂನನ್ನು ಮುಂದಿನ ಪ್ರಕರಣಗಳಿಗೆ ಅನ್ವಯಿಸುವುದಕ್ಕೆ ಹೆಚ್ಚಿನ ತಕರಾರು ಇರಲಿಲ್ಲ. ಅವಧಿ ಮುಗಿದು ಸತ್ತುಹೋಗಿದ್ದ ದಾವೆಗಳಿಗೆ ಒಂದು ವರ್ಷ ಬಾಗಿಲು ತೆರೆಯುವ ಅಂಶವೇ, ಅಂದರೆ ಅಲ್ಲಿನವರು 'ಲುಕ್‌ಬ್ಯಾಕ್ ವಿಂಡೋ' ಎನ್ನುವುದೇ, ಗಂಟಲಲ್ಲಿ ಸಿಕ್ಕಿಕೊಂಡದ್ದು. 2018ರ ಚುನಾವಣೆಯಲ್ಲಿ ಮೇಲ್ಮನೆ ಡೆಮಾಕ್ರಾಟರ ಕೈಗೆ ಬಂತು. ಸರ್ಕಾರಿ ಶಾಲೆಗಳಿಗೂ ಇದೇ ನಿಯಮ ಎಂದು ಸ್ಪಷ್ಟವಾದ ಮೇಲೆ ಬಿಷಪ್‌ಗಳ ಸಂಘ ವಿರೋಧ ಕೈಬಿಟ್ಟಿತು. 13 ವರ್ಷ ಮತಕ್ಕೇ ಬಾರದ ಮಸೂದೆ 2019ರ ಜನವರಿಯಲ್ಲಿ ಅದೇ ಮೇಲ್ಮನೆಯಲ್ಲಿ ಒಂದೂ ವಿರೋಧ ಮತವಿಲ್ಲದೆ ಪಾಸಾಯಿತು! ಗವರ್ನರ್ ಆ್ಯಂಡ್ರೂ ಕುವೊಮೊ ಫೆಬ್ರುವರಿ 14ರಂದು ಸಹಿ ಹಾಕಿದರು.

ಅದೇ 'ಚೈಲ್ಡ್ ವಿಕ್ಟಿಮ್ಸ್ ಆ್ಯಕ್ಟ್'. ಸಿವಿಲ್ ದಾವೆಗೆ 55 ವರ್ಷ ವಯಸ್ಸಿನವರೆಗೆ ಅವಕಾಶ, ಗಂಭೀರ ಅಪರಾಧಗಳ ಕ್ರಿಮಿನಲ್ ಮೊಕದ್ದಮೆಗೆ 28ರವರೆಗೆ. ವಿಂಡೋ 2019ರ ಆಗಸ್ಟ್ 14ಕ್ಕೆ ತೆರೆಯಿತು. ಕೋವಿಡ್‌ನಿಂದ ಕೋರ್ಟ್‌ಗಳು ನಿಂತಿದ್ದರಿಂದ ಎರಡು ವರ್ಷಕ್ಕೆ ಬೆಳೆದು 2021ರ ಆಗಸ್ಟ್‌ನಲ್ಲಿ ಮುಚ್ಚಿತು. ಅಷ್ಟರಲ್ಲಿ 10,000ಕ್ಕೂ ಹೆಚ್ಚು ದಾವೆಗಳು ದಾಖಲಾಗಿದ್ದವು. ದೌರ್ಜನ್ಯ ನಡೆದಾಗ ವಯಸ್ಕರಾಗಿದ್ದವರಿಗೆ ಇಂಥದೇ ಒಂದು ವರ್ಷ 2022ರ ನವೆಂಬರ್‌ನಿಂದ ಸಿಕ್ಕಿತು. ಲೇಖಕಿ ಇ. ಜೀನ್ ಕ್ಯಾರಲ್ ಅವರು ಡೊನಾಲ್ಡ್ ಟ್ರಂಪ್ ವಿರುದ್ಧ ಲೈಂಗಿಕ ದೌರ್ಜನ್ಯದ ದಾವೆ ಹೂಡಿದ್ದು ಆ ವಿಂಡೋ ತೆರೆದ ದಿನವೇ.

ನನ್ನ ತಮ್ಮನಿಗೆ ಈಗ 38. ಅವನು 9 ವರ್ಷದವನಿದ್ದಾಗ ಇಲ್ಲಿನ ಸರ್ಕಾರಿ ಶಾಲೆಯಲ್ಲಿ ತರಬೇತುದಾರನೊಬ್ಬನಿಂದ ದೌರ್ಜನ್ಯವಾಗಿತ್ತು. ಹೋದ ವರ್ಷ ಮನೆಯಲ್ಲಿ ಬಾಯಿ ಬಿಟ್ಟ. ವಿಂಡೋ 2021ರಲ್ಲೇ ಮುಗಿಯಿತಂತೆ. ಇನ್ನೇನೂ ಮಾಡಲಾಗದೇ? (ಎಡಿಸನ್, ನ್ಯೂಜೆರ್ಸಿ)

ಆಗುತ್ತದೆ. ನ್ಯೂಯಾರ್ಕ್‌ನ ಸುದ್ದಿಯನ್ನು ನ್ಯೂಜೆರ್ಸಿಗೆ ಅನ್ವಯಿಸಿಕೊಂಡು ಸುಮ್ಮನಾಗುವವರು ಬಹಳ. ಎರಡರ ನಡುವೆ ಇರುವುದು ಹಡ್ಸನ್ ನದಿ ಮಾತ್ರ, ಆದರೆ ಕಾನೂನು ಬೇರೆಯೇ.

ನ್ಯೂಜೆರ್ಸಿಯ 2019ರ ಕಾನೂನು ಆ ವರ್ಷದ ಡಿಸೆಂಬರ್ 1ರಂದು ಜಾರಿಗೆ ಬಂತು. ಬಾಲ್ಯದಲ್ಲಿ ದೌರ್ಜನ್ಯಕ್ಕೆ ಒಳಗಾದವರು 55 ವರ್ಷದವರೆಗೆ ದಾವೆ ಹೂಡಬಹುದು. ಅಥವಾ ಆ ದೌರ್ಜನ್ಯಕ್ಕೂ ತನಗಾದ ಹಾನಿಗೂ ಸಂಬಂಧವಿದೆ ಎಂದು ತಿಳಿದುಬಂದ ದಿನದಿಂದ ಏಳು ವರ್ಷ. ಎರಡರಲ್ಲಿ ಯಾವುದು ತಡವೋ ಅದು ಲೆಕ್ಕಕ್ಕೆ. ಕಾನೂನು ಬರುವ ಮೊದಲು ನಡೆದ ಕೃತ್ಯಗಳಿಗೂ ಈ 55ರ ಮಿತಿ ಅನ್ವಯಿಸುತ್ತದೆ. 2021ರ ನವೆಂಬರ್ 30ಕ್ಕೆ ಮುಗಿದ ಎರಡು ವರ್ಷದ ವಿಂಡೋ ಬೇಕಾಗಿದ್ದದ್ದು 55 ದಾಟಿದವರಿಗೆ, ದೌರ್ಜನ್ಯದ ವೇಳೆ ವಯಸ್ಕರಾಗಿದ್ದವರಿಗೆ. ನಿಮ್ಮ ತಮ್ಮ ಆ ಗುಂಪಿನವರಲ್ಲ.

ಇದೇ ಘಟನೆ ನದಿಯಾಚೆ ನಡೆದಿದ್ದರೆ ಉತ್ತರ ತಿರುಗುಮುರುಗು. ನ್ಯೂಯಾರ್ಕ್‌ನ 55ರ ಮಿತಿ 2019ರಲ್ಲಿ ಇನ್ನೂ ಅವಧಿ ಉಳಿದಿದ್ದವರಿಗೆ ಮಾತ್ರ. ಆಗಲೇ 23 ದಾಟಿದ್ದವರಿಗೆ ವಿಂಡೋ ಒಂದೇ ದಾರಿಯಾಗಿತ್ತು. ಆದ್ದರಿಂದ ಈಗ ಎಲ್ಲಿ ವಾಸ ಎನ್ನುವುದಕ್ಕಿಂತ ಕೃತ್ಯ ಎಲ್ಲಿ ನಡೆಯಿತು, ಯಾವ ವರ್ಷ, ಆಗ ವಯಸ್ಸೆಷ್ಟು ಎಂಬ ಮೂರನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ವಕೀಲರ ಬಳಿ ಹೋಗಿ.

ಸರ್ಕಾರಿ ಶಾಲೆ ಎಂದಿರಿ. ಸಾಮಾನ್ಯವಾಗಿ ಸರ್ಕಾರಿ ಸಂಸ್ಥೆಯ ಮೇಲೆ ದಾವೆ ಹೂಡಲು ಘಟನೆಯಾದ 90 ದಿನಗಳೊಳಗೆ ನೋಟಿಸ್ ಕೊಡಬೇಕು, ಹಳೆಯ ದೂರುಗಳು ಬಿದ್ದುಹೋಗುತ್ತಿದ್ದದ್ದು ಅಲ್ಲೇ. ಲೈಂಗಿಕ ದೌರ್ಜನ್ಯದ ಮಟ್ಟಿಗೆ ಆ ಷರತ್ತನ್ನು ನ್ಯೂಜೆರ್ಸಿ ತೆಗೆದುಹಾಕಿದೆ.

ಕೂಡಿಸಿಕೊಳ್ಳಬೇಕಾದ್ದು: ಆ ವರ್ಷಗಳ ಶಾಲಾ ದಾಖಲೆ, ಅಂಕಪಟ್ಟಿ, ತಂಡದ ಫೋಟೊ, ವಾರ್ಷಿಕ ಪುಸ್ತಕ, ಜೊತೆಗೆ ಆಡಿದವರ ಹೆಸರು, ವೈದ್ಯರು ಅಥವಾ ಆಪ್ತಸಮಾಲೋಚಕರ ಟಿಪ್ಪಣಿ, ಮೊದಲ ಸಲ ಯಾರಿಗೆ ಯಾವಾಗ ಹೇಳಿದರು ಎಂಬ ವಿವರ. ತರಬೇತುದಾರ ಅಲ್ಲಿ ಕೆಲಸದಲ್ಲಿದ್ದ, ನಿಮ್ಮ ತಮ್ಮ ಆ ತಂಡದಲ್ಲಿದ್ದ ಎಂಬುದಷ್ಟು ಕಾಗದದಿಂದ ಸಾಬೀತಾದರೂ ದಾವೆಗೆ ನೆಲೆ ಸಿಗುತ್ತದೆ. ಮಾಡಬಾರದ್ದು: ಆರೋಪಿಗೆ ಮೆಸೇಜ್ ಕಳಿಸುವುದು, ಫೇಸ್‌ಬುಕ್‌ನಲ್ಲಿ ಬರೆಯುವುದು, ಶಾಲಾ ಆಡಳಿತದ ವಕೀಲರ ಜೊತೆ ಒಬ್ಬರೇ ಮಾತಿಗೆ ಕೂರುವುದು. ಹೆಸರು ಬಹಿರಂಗವಾಗುವ ಭಯವಿದ್ದರೆ ಮೊದಲಕ್ಷರಗಳಲ್ಲೋ 'ಜಾನ್ ಡೋ' ಎಂದೋ ದಾವೆ ಹೂಡುವ ದಾರಿಯಿದೆ. ಇಂಥ ದಾವೆ ನಡೆಸುವ ವಕೀಲರು ಮೊದಲೇ ಫೀಸು ಕೇಳುವುದಿಲ್ಲ. ಬಂದ ಪರಿಹಾರದಲ್ಲಿ ಸುಮಾರು ಮೂರನೇ ಒಂದು ಭಾಗ ತೆಗೆದುಕೊಳ್ಳುತ್ತಾರೆ. ಖರ್ಚನ್ನು ಆ ಭಾಗಕ್ಕೆ ಮೊದಲು ಕಳೆಯುತ್ತಾರೋ ಆಮೇಲೋ ಎಂದು ಒಪ್ಪಂದದಲ್ಲಿ ಓದಿ ಸಹಿ ಹಾಕಿ.

ಸತ್ತ ದಾವೆಯನ್ನು ಶಾಸನಸಭೆ ಎಬ್ಬಿಸಿ ನಿಲ್ಲಿಸಬಹುದೇ? ಸಂವಿಧಾನ ಅಡ್ಡ ಬರುವುದಿಲ್ಲವೇ? (ಬೆಂಗಳೂರು, ಕಾನೂನು ವಿದ್ಯಾರ್ಥಿನಿ)

ಕ್ರಿಮಿನಲ್ ಮೊಕದ್ದಮೆಯಾದರೆ ಸಾಧ್ಯವಿಲ್ಲ. ಅವಧಿ ಮುಗಿದ ಅಪರಾಧಕ್ಕೆ ಹೊಸ ಕಾನೂನು ತಂದು ಶಿಕ್ಷಿಸಲಾಗದು ಎಂದು ಅಮೆರಿಕದ ಸುಪ್ರೀಂ ಕೋರ್ಟ್ 2003ರಲ್ಲಿ ಸ್ಟಾಗ್ನರ್ ಪ್ರಕರಣದಲ್ಲಿ 5–4ರಿಂದ ಹೇಳಿತು. ಸಿವಿಲ್ ದಾವೆಗೆ ಒಕ್ಕೂಟದ ಸಂವಿಧಾನ ಅಡ್ಡ ಬರುವುದಿಲ್ಲವೆಂಬುದು 1945ರಿಂದಲೇ ಇರುವ ನಿಲುವು. ತೊಡಕು ಇರುವುದು ರಾಜ್ಯಗಳ ಸ್ವಂತ ಸಂವಿಧಾನಗಳಲ್ಲಿ. ಅವಧಿ ಮುಗಿದ ಕ್ಷಣ ಪ್ರತಿವಾದಿಗೆ 'ಇನ್ನು ನನ್ನ ಮೇಲೆ ದಾವೆ ಇಲ್ಲ' ಎಂಬ ಹಕ್ಕು ಹುಟ್ಟುತ್ತದೆಯೇ? ಯೂಟಾ (2020), ಮೇನ್ (2025) ರಾಜ್ಯಗಳ ಕೋರ್ಟ್‌ಗಳು ಹೌದೆಂದವು. ಕೊಲರಾಡೊ ಕೋರ್ಟ್ ಕೂಡ 2023ರಲ್ಲಿ ಅಲ್ಲಿನ ಇಂಥದೇ ಕಾನೂನನ್ನು ರದ್ದು ಮಾಡಿತು. ಮೇರಿಲ್ಯಾಂಡ್ 2025ರಲ್ಲಿ 4–3ರಿಂದ ಅಲ್ಲವೆಂದಿತು, ನಾರ್ತ್ ಕ್ಯಾರೊಲೈನಾ ಕೂಡ ಕಾನೂನನ್ನು ಉಳಿಸಿತು. ಲೂಸಿಯಾನಾದ್ದು ಎಲ್ಲಕ್ಕಿಂತ ವಿಚಿತ್ರ: 2024ರ ಮಾರ್ಚ್‌ನಲ್ಲಿ ರದ್ದು ಮಾಡಿದ ಕೋರ್ಟೇ ಮರುವಿಚಾರಣೆ ನಡೆಸಿ ಜೂನ್‌ನಲ್ಲಿ ಎತ್ತಿಹಿಡಿಯಿತು.

ಪೆನ್ಸಿಲ್ವೇನಿಯಾದ ಕಥೆಯನ್ನು ನೀವು ಓದಲೇಬೇಕು. 2018ರ ಆಗಸ್ಟ್‌ನಲ್ಲಿ ಅಲ್ಲಿನ ಗ್ರ್ಯಾಂಡ್ ಜ್ಯೂರಿ (ಆರೋಪಗಳನ್ನು ತನಿಖೆ ಮಾಡುವ ನಾಗರಿಕರ ಮಂಡಳಿ) ಕ್ಯಾಥೊಲಿಕ್ ಚರ್ಚಿನ ಆರು ಡಯಾಸಿಸ್‌ಗಳಲ್ಲಿ, ಅಂದರೆ ಬಿಷಪ್‌ರ ಆಡಳಿತ ಪ್ರಾಂತ್ಯಗಳಲ್ಲಿ, ದೌರ್ಜನ್ಯ ಎಸಗಿದ 300ಕ್ಕೂ ಹೆಚ್ಚು ಪಾದ್ರಿಗಳು, 1,000ಕ್ಕೂ ಹೆಚ್ಚು ಸಂತ್ರಸ್ತ ಮಕ್ಕಳು ಎಂದು ವರದಿ ಕೊಟ್ಟಿತು. ಇಡೀ ದೇಶದಲ್ಲಿ ಕಾನೂನು ಬದಲಾವಣೆಗೆ ದಾರಿ ಮಾಡಿಕೊಟ್ಟ ವರದಿ ಅದು. ಆ ರಾಜ್ಯದೊಳಗೆ ಮಾತ್ರ, ಸಾಮಾನ್ಯ ಮಸೂದೆಯಿಂದ ವಿಂಡೋ ತೆರೆದರೆ ಕೋರ್ಟ್‌ನಲ್ಲಿ ನಿಲ್ಲದು ಎಂಬ ವಾದ ಗೆದ್ದು, ಸಂವಿಧಾನ ತಿದ್ದುಪಡಿಯ ದಾರಿ ಹಿಡಿದರು. ತಿದ್ದುಪಡಿ ಎರಡು ಬೇರೆ ಬೇರೆ ಅಧಿವೇಶನಾವಧಿಗಳಲ್ಲಿ ಪಾಸಾಗಬೇಕು, ನಡುವೆ ಪತ್ರಿಕೆಗಳಲ್ಲಿ ಜಾಹೀರಾತು ಕೊಡಬೇಕು, ಕೊನೆಗೆ ಜನಮತಕ್ಕೆ ಹೋಗಬೇಕು. ಮೊದಲ ಸುತ್ತು ಮುಗಿಯಿತು. ಜಾಹೀರಾತು ಕೊಡುವುದನ್ನೇ ಸರ್ಕಾರಿ ಇಲಾಖೆ ಮರೆಯಿತು! 2021ರ ಫೆಬ್ರುವರಿಯಲ್ಲಿ ಆ ಇಲಾಖೆಯ ಕಾರ್ಯದರ್ಶಿ ಕ್ಯಾಥಿ ಬೂಕ್‌ವಾರ್ ರಾಜೀನಾಮೆ ಕೊಟ್ಟರು, ಎಲ್ಲವೂ ಮೊದಲಿನಿಂದ ಶುರುವಾಯಿತು. 2023ರಲ್ಲಿ ಮೇಲ್ಮನೆ ಅದನ್ನು ಮತದಾರರ ಗುರುತಿನ ಚೀಟಿಯ ತಿದ್ದುಪಡಿಯ ಜೊತೆ ಒಂದೇ ಕಟ್ಟಿನಲ್ಲಿ ಕಟ್ಟಿತು. ಒಂದನ್ನು ಒಪ್ಪಿದವರು ಇನ್ನೊಂದನ್ನು ಒಪ್ಪಲಿಲ್ಲ.

'ವಿಂಡೋ ತೆರೆದರೆ ಸಂಸ್ಥೆಗಳು ದಿವಾಳಿಯಾಗುತ್ತವೆ' ಎಂಬುದು ನಿಜವೋ ನೆಪವೋ? (ಹುಬ್ಬಳ್ಳಿ)

ಎರಡೂ. ಕಾಲಮಿತಿಯನ್ನೇ ತೆಗೆದ ಮೇರಿಲ್ಯಾಂಡ್‌ನ ಕಾನೂನು ಜಾರಿಗೆ ಬರಬೇಕಿದ್ದದ್ದು 2023ರ ಅಕ್ಟೋಬರ್ 1ಕ್ಕೆ. ಅಲ್ಲಿನ ಕ್ಯಾಥೊಲಿಕ್ ಚರ್ಚ್ ಆಡಳಿತವಾದ ಬಾಲ್ಟಿಮೋರ್ ಆರ್ಚ್‌ಡಯಾಸಿಸ್ ದಿವಾಳಿ ಅರ್ಜಿ ಹಾಕಿದ್ದು ಸೆಪ್ಟೆಂಬರ್ 29ಕ್ಕೆ. ದಿವಾಳಿ ಎಂದರೆ ಚರ್ಚ್‌ಗೆ ಬೀಗ ಎಂದಲ್ಲ. ಅರ್ಜಿ ಬಿದ್ದ ಕೂಡಲೇ ದಾವೆಗಳೆಲ್ಲ ನಿಲ್ಲುತ್ತವೆ, ಎಲ್ಲ ಕ್ಲೇಮುಗಳು (ಪರಿಹಾರದ ಬೇಡಿಕೆಗಳು) ಒಂದೇ ಕೋರ್ಟ್‌ಗೆ ಹೋಗುತ್ತವೆ, ಕ್ಲೇಮ್ ಸಲ್ಲಿಸಲು ಕೊನೆಯ ದಿನ ನಿಗದಿಯಾಗುತ್ತದೆ. ರಾಜ್ಯದ ಕಾನೂನಿನಲ್ಲಿ ಕಾಲಮಿತಿಯೇ ಇಲ್ಲದಿದ್ದರೂ ಆ ದಿನ ತಪ್ಪಿದರೆ ಕ್ಲೇಮ್ ಹೋದಂತೆಯೇ. ಸಂತ್ರಸ್ತರು ಎಡವುವುದು ಇಲ್ಲಿ. ಇನ್ನೂ ದೊಡ್ಡ ನಷ್ಟವೆಂದರೆ, ಯಾರಿಗೆ ಯಾವಾಗ ಗೊತ್ತಿತ್ತು, ಆತನನ್ನು ಯಾಕೆ ಇನ್ನೊಂದು ಊರಿಗೆ ವರ್ಗ ಮಾಡಿದರು ಎಂಬ ಕಡತಗಳು ವಿಚಾರಣೆಯಲ್ಲಿ ಹೊರಬರುವ ಅವಕಾಶ ಕುಗ್ಗುತ್ತದೆ. 'ಹಳೆಯ ಸಾಕ್ಷ್ಯ ನಂಬಲಾಗದು' ಎಂಬ ವಾದಕ್ಕೆ ನಾವು ಹೆಚ್ಚು ತೂಕ ಕೊಡದಿರುವುದೂ ಇದಕ್ಕೇ. ರುಜುವಾತಿನ ಹೊರೆ ಯಾವಾಗಲೂ ವಾದಿಯದೇ, ಒಳ್ಳೆಯ ಸಾಕ್ಷ್ಯ ಇರುವುದು ಮಾತ್ರ ಬಹುಮಟ್ಟಿಗೆ ಪ್ರತಿವಾದಿಯ ಕಪಾಟಿನಲ್ಲಿ.

ಬಾಯ್ ಸ್ಕೌಟ್ಸ್ ಆಫ್ ಅಮೆರಿಕ 2020ರಲ್ಲಿ ದಿವಾಳಿ ಅರ್ಜಿ ಹಾಕಿದಾಗ 82,000ಕ್ಕೂ ಹೆಚ್ಚು ಕ್ಲೇಮುಗಳು ಬಂದವು. ಪರಿಹಾರ ನಿಧಿ 246 ಕೋಟಿ ಡಾಲರ್. ಒಂದೇ ಬಗೆಯ ದೌರ್ಜನ್ಯಕ್ಕೆ, ಕಾಲಮಿತಿ ಸಡಿಲಿಸಿದ ರಾಜ್ಯದವರಿಗೆ ಹೆಚ್ಚು, ಸಡಿಲಿಸದ ರಾಜ್ಯದವರಿಗೆ ತೀರ ಕಡಿಮೆ ಎಂದು ಅಲ್ಲಿ ಪಟ್ಟಿ ಮಾಡಿ ಹಂಚುತ್ತಾರೆ. ಶಾಸನಸಭೆಯ ಮತ ಹೀಗೆ ನೇರವಾಗಿ ರೂಪಾಯಿ ಪೈಸೆಗೆ ಇಳಿಯುತ್ತದೆ.

ಸರ್ಕಾರವೇ ಪ್ರತಿವಾದಿಯಾದಾಗ ಶಾಸಕರ ಧ್ವನಿ ಬದಲಾದದ್ದನ್ನೂ ನೋಡಿದ್ದೇವೆ. ಕ್ಯಾಲಿಫೋರ್ನಿಯಾ 2020ರಿಂದ 2022ರ ಕೊನೆಯವರೆಗೆ ತೆರೆದ ವಿಂಡೋದ ಬಲದಲ್ಲಿ ಲಾಸ್ ಏಂಜಲೀಸ್ ಕೌಂಟಿಯ ಬಾಲಗೃಹಗಳ ಮೇಲೆ 6,800ರಷ್ಟು ಕ್ಲೇಮುಗಳು ಬಂದು, 2025ರಲ್ಲಿ 400 ಕೋಟಿ ಡಾಲರ್‌ಗೆ ರಾಜಿಯಾಯಿತು. ಹಣದ ಆಸೆ ತೋರಿಸಿ ಕೆಲವರಿಂದ ಸುಳ್ಳು ಕ್ಲೇಮ್ ಹಾಕಿಸಿದರೆಂಬ ಆರೋಪ ಆಮೇಲೆ ತನಿಖೆಗೆ ಬಂತು. ಇದನ್ನು ಕಡೆಗಣಿಸುವಂತಿಲ್ಲ. ಆದರೆ ಮದ್ದು ಪ್ರತಿ ಕ್ಲೇಮನ್ನೂ ಪರಿಶೀಲಿಸುವುದು, ಬಾಗಿಲು ಹಾಕುವುದಲ್ಲ. ಮೇರಿಲ್ಯಾಂಡ್ ಬೇರೆ ದಾರಿ ಹಿಡಿಯಿತು: 2025ರ ಜೂನ್ 1ರ ನಂತರದ ದಾವೆಗಳಿಗೆ ಖಾಸಗಿ ಸಂಸ್ಥೆಯಿಂದ ಸಿಗಬಹುದಾದ ಗರಿಷ್ಠ ಮೊತ್ತವನ್ನು 15 ಲಕ್ಷದಿಂದ 7 ಲಕ್ಷ ಡಾಲರ್‌ಗೆ, ಸರ್ಕಾರಿ ಸಂಸ್ಥೆಯಿಂದ 8.9 ಲಕ್ಷದಿಂದ 4 ಲಕ್ಷಕ್ಕೆ ಇಳಿಸಿತು.

ನಮ್ಮಲ್ಲಿ ಹೇಗೆ? 1990ರ ದಶಕದಲ್ಲಿ ಆದದ್ದಕ್ಕೆ ಈಗ ದೂರು ಕೊಡಬಹುದೇ? (ಮಂಗಳೂರು)

ಕೊಡಬಹುದು, ಆದರೆ ಅಂದಿನ ಕಾನೂನಿನ ಪ್ರಕಾರ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೊ ಕಾಯ್ದೆ ಜಾರಿಗೆ ಬಂದದ್ದು 2012ರ ನವೆಂಬರ್ 14ಕ್ಕೆ, ಅದಕ್ಕಿಂತ ಹಿಂದಿನ ಕೃತ್ಯಕ್ಕೆ ಅನ್ವಯಿಸದು. ಗರಿಷ್ಠ ಶಿಕ್ಷೆ ಮೂರು ವರ್ಷ ಮೀರುವ ಅಪರಾಧಕ್ಕೆ ನಮ್ಮಲ್ಲಿ ಕಾಲಮಿತಿ ಇಲ್ಲ (ಹಿಂದೆ ಅಪರಾಧ ಪ್ರಕ್ರಿಯಾ ಸಂಹಿತೆಯ, ಅಂದರೆ ಸಿಆರ್‌ಪಿಸಿಯ, ಸೆಕ್ಷನ್ 468; ಈಗ ಅದರ ಬದಲು ಬಂದಿರುವ ಬಿಎನ್‌ಎಸ್‌ಎಸ್‌ನ 514). ಆದ್ದರಿಂದ ಅತ್ಯಾಚಾರಕ್ಕೆ (ಐಪಿಸಿ 376), ಗಂಡುಮಕ್ಕಳ ಪ್ರಕರಣಗಳಲ್ಲಿ ಬರುತ್ತಿದ್ದ 377ಕ್ಕೆ ಈಗಲೂ ಎಫ್‌ಐಆರ್ ಆಗಬೇಕು. ತೊಡಕು ಐಪಿಸಿ 354ರದ್ದು, ಅಂದರೆ ಹೆಣ್ಣಿನ ಮಾನಕ್ಕೆ ಧಕ್ಕೆ ತರಲು ಕೈಮಾಡುವ ಅಪರಾಧದ್ದು. 2013ರ ಫೆಬ್ರುವರಿಗೆ ಮೊದಲು ಅದಕ್ಕೆ ಶಿಕ್ಷೆ ಎರಡೇ ವರ್ಷ, ಹಾಗಾಗಿ ಕಾಲಮಿತಿ ಮೂರು ವರ್ಷ. ಅಂದು ಅತ್ಯಾಚಾರದ ವ್ಯಾಖ್ಯೆಯೂ ಕಿರಿದಾಗಿದ್ದರಿಂದ ಎಷ್ಟೋ ಕೃತ್ಯಗಳು ಈ 354ಕ್ಕೇ ಬೀಳುತ್ತವೆ. ತಡವನ್ನು ಮನ್ನಿಸುವ ಅಧಿಕಾರ ಕೋರ್ಟ್‌ಗೆ ಇದೆ (ಸಿಆರ್‌ಪಿಸಿ 473, ಈಗ ಬಿಎನ್‌ಎಸ್‌ಎಸ್ 519). ಯಾಕೆ ತಡವಾಯಿತೆಂಬುದನ್ನು ದೂರಿನಲ್ಲೇ ಬರೆಯಿರಿ.

ಪೋಕ್ಸೊ ದೂರಿಗೆ ಸಮಯದ ಮಿತಿ ಇಲ್ಲವೆಂದು ಕೇಂದ್ರ ಕಾನೂನು ಸಚಿವಾಲಯ 2018ರಲ್ಲಿ ಸ್ಪಷ್ಟಪಡಿಸಿತು. ಸ್ಪರ್ಶವಿಲ್ಲದ ಕಿರುಕುಳಕ್ಕೆ (ಸೆಕ್ಷನ್ 12) ಮಾತ್ರ ಶಿಕ್ಷೆ ಮೂರು ವರ್ಷದವರೆಗಷ್ಟೇ ಇರುವುದರಿಂದ ಆರೋಪಿ ಪರ ವಕೀಲರು ಕಾಲಮಿತಿಯ ಮಾತೆತ್ತಬಹುದು.

ಸಿವಿಲ್ ದಾವೆಯಲ್ಲಿ ನಮ್ಮದು, ದೌರ್ಜನ್ಯ ಎಸಗಿದವನ ಮಟ್ಟಿಗೆ, ನ್ಯೂಯಾರ್ಕ್‌ನ ಹಳೆಯ ಕಾನೂನಿಗಿಂತಲೂ ಬಿಗಿ. 1963ರ ಕಾಲಮಿತಿ ಕಾಯ್ದೆಯಂತೆ ಸಾಮಾನ್ಯವಾಗಿ ಮೂರು ವರ್ಷ. ಅಪ್ರಾಪ್ತರಿಗೆ ಅದು 18 ತುಂಬಿದ ಮೇಲೆ ಶುರು, ಅಂದರೆ 21ಕ್ಕೆ ಮುಗಿಯಿತು. ಈ ಬಗ್ಗೆ ನಮ್ಮ ಸದನಗಳಲ್ಲಿ ಗಂಭೀರ ಚರ್ಚೆ ಇನ್ನೂ ಆಗಬೇಕಿದೆ. ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರಿಗೂ ಒಂದು ಮಾತು: ಕೃತ್ಯ ನಡೆದದ್ದು ಊರಿನಲ್ಲಾದರೆ ಅಲ್ಲಿನ ವಿಂಡೋ ನಿಮ್ಮ ನೆರವಿಗೆ ಸಾಮಾನ್ಯವಾಗಿ ಬಾರದು.

ಕಚೇರಿಯಲ್ಲಿ ಮೇಲಧಿಕಾರಿಯ ಕಿರುಕುಳ ನಿಂತು ನಾಲ್ಕೂವರೆ ತಿಂಗಳಾಯಿತು. ದೂರು ಕೊಡಬಹುದೇ? (ಶಿವಮೊಗ್ಗ)

ಈ ವಾರವೇ ಕೊಡಿ. ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯಲ್ಲಿ ಕೊನೆಯ ಘಟನೆಯಿಂದ ಮೂರು ತಿಂಗಳ ಗಡುವಿದೆ. ಇಂಥ ದೂರು ವಿಚಾರಿಸುವ ಕಚೇರಿಯ ಆಂತರಿಕ ಸಮಿತಿ ಕಾರಣ ಬರೆದು ಇನ್ನು ಮೂರು ತಿಂಗಳವರೆಗೆ ವಿಸ್ತರಿಸಬಹುದು, ಅದರಾಚೆ ಅದಕ್ಕೆ ಅಧಿಕಾರವಿಲ್ಲ. 2023ರ ಏಪ್ರಿಲ್‌ನ ಘಟನೆಗೆ ಡಿಸೆಂಬರ್‌ನಲ್ಲಿ ಕೊಟ್ಟ ದೂರು ಅವಧಿ ಮೀರಿದ್ದೆಂದು ನಮ್ಮ ಸುಪ್ರೀಂ ಕೋರ್ಟ್ 2025ರಲ್ಲಿ ಹೇಳಿತು. ದೂರಿನ ಆರು ಪ್ರತಿ, ಸಾಕ್ಷಿಗಳ ಹೆಸರು ವಿಳಾಸ, ಇದ್ದ ಮೆಸೇಜ್‌ಗಳ ಪ್ರಿಂಟ್ ಲಗತ್ತಿಸಿ. ತಡವಾದ ಕಾರಣಕ್ಕೆ ಬೇರೆಯೇ ಒಂದು ಪ್ಯಾರಾ ಬರೆದು, ಅವಧಿ ವಿಸ್ತರಿಸಲು ಅಲ್ಲೇ ಕೋರಿ. ಸ್ವೀಕೃತಿಯ ಮೇಲೆ ತಾರೀಖು ಹಾಕಿಸಿಕೊಳ್ಳದೆ ಮೇಜು ಬಿಟ್ಟು ಏಳಬೇಡಿ.