ಅರಣ್ಯ ಹಕ್ಕಿನ ಅರ್ಜಿಗೆ, ಅಂದರೆ ಕಾಡಿನ ಜಾಗದಲ್ಲಿ ಮೊದಲಿಂದ ಇರುವವರು ಆ ಜಾಗದ ಹಕ್ಕು ಕೇಳಿ ಹಾಕುವ ಅರ್ಜಿಗೆ, ಹೇಳಿಕೆ ಬರೆದುಕೊಳ್ಳುವಾಗ ವಯಸ್ಸಾದವರನ್ನು ವಿಷಯಕ್ಕೆ ತರುವುದು ಹೇಗೆ?

ತರಲು ಹೋಗಬೇಡಿ. ಹಾಗೆ ಮಾಡಿಯೇ ನಾನು ಒಂದು ಮನೆಯ ಅರ್ಜಿ ಕೆಡಿಸಿದೆ.

ಹೊಸನಗರ ತಾಲ್ಲೂಕಿನ ಒಂದು ಹಸಲರ (ಮಲೆನಾಡಿನ ಒಂದು ಬುಡಕಟ್ಟಿನವರ) ಕೇರಿ. ಅರ್ಜಿದಾರರಲ್ಲದ ಹಿರಿಯರು ಹೇಳಿದ್ದನ್ನು ಬರೆದುಕೊಂಡರೆ ಅದೂ ಸಾಕ್ಷ್ಯ ಎನ್ನುತ್ತದೆ ಅರಣ್ಯ ಹಕ್ಕು ನಿಯಮ 13. ಅದಕ್ಕೇ ಪಕ್ಕದ ಮನೆಯ ಅಜ್ಜಿಯನ್ನು ಕೇಳಿದೆ: "ಇವರು ಯಾವ ಇಸವಿಯಿಂದ ಇಲ್ಲಿದ್ದಾರೆ?"

"ಇಸ್ವಿ ಎಲ್ಲ ನಂಗೆ ಗೊತ್ತಾಗಲ್ಲಯ್ಯ" ಎಂದವರು, ಮುಳುಗಡೆ ನೀರು ಏರಿದ್ದು, ಎರಡೂ ಮನೆಯವರು ಗುಡ್ಡ ಹತ್ತಿದ್ದು, ಆಗ ದೊಡ್ಡ ಮಗಳು ಸೊಂಟದ ಮೇಲಿದ್ದದ್ದು, ಇವನ ಅಪ್ಪ ಮರದ ಬುಡದಲ್ಲಿ ಬಿದಿರು ತಟ್ಟಿ ಕಟ್ಟಿದ್ದು, ಹೀಗೆ ಶುರುಮಾಡಿದರು. ನಾನು ಪೆನ್ನಿಗೆ ಕ್ಯಾಪ್ ಹಾಕಿದೆ. ಅದನ್ನು ಕಂಡು ಅಜ್ಜಿ ಸುಮ್ಮನಾದರು. ಬಾಗಿಲಲ್ಲಿ ನಿಂತಿದ್ದ ಅರ್ಜಿದಾರ "2007 ಅಂತ ಬರ್ಕೊಳ್ಳಿ ಸಾರ್" ಎಂದ. ಬರೆದೆ, ಅಜ್ಜಿಯ ಹೆಬ್ಬೆಟ್ಟು ಒತ್ತಿಸಿದೆ.

2007 ಅವನು ಹಂಚಿನ ಮನೆ ಕಟ್ಟಿಸಿದ ವರ್ಷ. ಅರಣ್ಯ ಹಕ್ಕು ಕಾಯ್ದೆ ಕೇಳುವುದು 2005ರ ಡಿಸೆಂಬರ್ 13ಕ್ಕಿಂತ ಮೊದಲಿನ ಸ್ವಾಧೀನ. ಅರ್ಜಿ ಬಿದ್ದುಹೋಯಿತು.

ಅಜ್ಜಿ ಹೇಳುತ್ತಿದ್ದದ್ದು ಇಸವಿಯನ್ನೇ. ಆ ಮುಳುಗಡೆ ತಂದ ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಸೊಂಟದ ಮೇಲಿನ ಆ ಮಗಳ ವಯಸ್ಸು ಕೇಳಿದ್ದರೆ ಲೆಕ್ಕ ಕೈಗೆ ಸಿಗುತ್ತಿತ್ತು. ಓದದವರಿಗೆ ಕಾಲದ ಲೆಕ್ಕವಿಲ್ಲ ಎಂದು ನಾನು ಕೇಳುವ ಮೊದಲೇ ತೀರ್ಮಾನಿಸಿದ್ದೆ. ಅಂಕಿಯಲ್ಲಿ ಹೇಳಿದವನನ್ನು ಮಾತ್ರ ನಂಬಿದೆ.

ಆದ್ದರಿಂದ ಎರಡು ಸಲ ಹೋಗಿ. ಮೊದಲ ಸಲ ಕಾಗದ ತೆಗೆಯಲೇಬೇಡಿ, ಅವರು ಕೂತ ಚಾಪೆಯ ಮೇಲೇ ಕೂತು ಕೇಳಿ. ಅರ್ಜಿದಾರರೂ ಊರಿನ ಅರಣ್ಯ ಹಕ್ಕು ಸಮಿತಿಯವರೂ ಮಾತಿನ ನಡುವೆ ಬಾಯಿ ಹಾಕದಂತೆ ಮೊದಲೇ ಹೇಳಿಡಿ. ಮಧ್ಯೆ ಒಬ್ಬರು ಉತ್ತರ ಕೊಟ್ಟರೆ ಅಜ್ಜಿಯರು ಮತ್ತೆ ಬಾಯಿ ಬಿಡುವುದಿಲ್ಲ. "ಯಾವಾಗ" ಎನ್ನಬೇಡಿ. "ಮೊದಲ ಒಲೆ ಎಲ್ಲಿ ಹೂಡಿದ್ರು? ಆಗ ನಿಮ್ಮ ಮಕ್ಕಳು ಎಷ್ಟು ದೊಡ್ಡವ್ರು?" ಎನ್ನಿ. ಸಾಧ್ಯವಾದರೆ ಅವರ ಜೊತೆ ಆ ಜಾಗಕ್ಕೇ ನಡೆದು ಹೋಗಿ. ಹೇಳಿಕೆ ಒಂದೇ ಸಾಲದು, ಒಂದಕ್ಕಿಂತ ಹೆಚ್ಚು ಸಾಕ್ಷ್ಯ ಬೇಕು. ಮಟ್ಟ ಮಾಡಿದ ನೆಲ, ಗದ್ದೆಯ ಹಳೇ ಅಂಚು ಕೂಡ ಸಾಕ್ಷ್ಯವೇ, ಅವನ್ನು ತೋರಿಸಬಲ್ಲವರೂ ಅವರೇ.

ಎರಡನೇ ಸಲ ಅವರ ಮಾತನ್ನು ಅವರ ಮಾತಿನಲ್ಲೇ ಬರೆಯಿರಿ. ಇಸವಿಯನ್ನು ಪಕ್ಕದಲ್ಲಿ ನೀವು ಸೇರಿಸಿ, ಯಾವ ಲೆಕ್ಕದಿಂದ ಬಂತು ಎಂದೂ ಬರೆಯಿರಿ. ಹೆಬ್ಬೆಟ್ಟಿಗೆ ಮೊದಲು ಪೂರ್ತಿ ಗಟ್ಟಿಯಾಗಿ ಓದಿ ಹೇಳಿ. ನಾನು ಮತ್ತೆ ಹೋಗಿ ಬರೆದುಕೊಂಡು ಓದಿದಾಗ ಅಜ್ಜಿ ಒಂದು ಕಡೆ ತಡೆದರು: "ಹಲಸು ಅಲ್ಲಯ್ಯ, ಹೆಬ್ಬಲಸು. ಇನ್ನೂ ಅಲ್ಲೇ ಇದೆ, ಬಾ ತೋರಿಸ್ತೀನಿ."