ಬಡವರ ಪರ ವಾದಿಸುವ ವಕೀಲರಾಗಲು ಏನು ಓದಬೇಕು, ಎಲ್ಲಿಂದ ಶುರು ಮಾಡಬೇಕು?

ಪಿಯುಸಿ ಆದಮೇಲೆ 5 ವರ್ಷದ ಅಥವಾ ಡಿಗ್ರಿ ಆದಮೇಲೆ 3 ವರ್ಷದ ಕಾನೂನು ಪದವಿ, ರಾಜ್ಯ ವಕೀಲರ ಪರಿಷತ್ತಿನಲ್ಲಿ ನೋಂದಣಿ, ಜೊತೆಗೆ ಅಖಿಲ ಭಾರತ ಬಾರ್ ಪರೀಕ್ಷೆ. ಓದಿನ ದಾರಿ ಇಷ್ಟೇ.

ನಿಜವಾದ ಕಲಿಕೆ ತಾಲ್ಲೂಕು ಕೋರ್ಟಿನಲ್ಲಿ. ಓದುವಾಗಲೇ ಅಲ್ಲಿನ ಕಾನೂನು ಸೇವಾ ಸಮಿತಿಗೆ ಹೋಗಿ ಕೂತು ನೋಡಿ. ಪ್ಲಾಸ್ಟಿಕ್ ಕವರಿನಲ್ಲಿ ಹಳೇ ಪಹಣಿ, ಸಾಗುವಳಿ ಚೀಟಿ ಇಟ್ಟುಕೊಂಡು ಬರುವ ದಲಿತ ಅಜ್ಜಿಗೆ, ಸರ್ಕಾರ ಕೊಟ್ಟ ಜಮೀನು ಅನುಮತಿಯಿಲ್ಲದೆ ಮಾರಾಟವಾಗಿದ್ದರೆ 1978ರ ಪಿಟಿಸಿಎಲ್ ಕಾಯ್ದೆಯಡಿ (ಪರಿಶಿಷ್ಟರಿಗೆ ಸರ್ಕಾರ ಕೊಟ್ಟ ಜಮೀನು ಪರರ ಪಾಲಾಗದಂತೆ ತಡೆಯುವ ಕರ್ನಾಟಕದ ಕಾಯ್ದೆ) ವಾಪಸ್ ಕೇಳಬಹುದು ಅಂತ ಎಷ್ಟೋ ಸಲ ಗೊತ್ತೇ ಇರುವುದಿಲ್ಲ. ಹೆಂಗಸರಿಗೆ, ಮಕ್ಕಳಿಗೆ, ಪರಿಶಿಷ್ಟರಿಗೆ ಆದಾಯ ಎಷ್ಟೇ ಇದ್ದರೂ 1987ರ ಕಾನೂನು ಸೇವೆಗಳ ಕಾಯ್ದೆಯಲ್ಲಿ ವಕೀಲರ ನೆರವು ಉಚಿತ. ಅದನ್ನು ಅವರ ಭಾಷೆಯಲ್ಲಿ, ತಾಳ್ಮೆಯಿಂದ ಹೇಳೋದೇ ಅರ್ಧ ಕೆಲಸ.

ಮೊದಲ ಕೆಲವು ವರ್ಷ ಕೈಗೆ ಬರುವ ದುಡ್ಡು ಕಡಿಮೆ. ಫೀಸು ಕೊಡುವ ಸಿವಿಲ್ ಕೇಸುಗಳನ್ನೂ ಜೊತೆಗಿಟ್ಟುಕೊಳ್ಳಿ, ಅದರಲ್ಲಿ ತಪ್ಪೇನಿಲ್ಲ.